ಯಾರದೋ ಮದುವೆ, ನಮಗೆ ಮಾದರಿ

ಆಷಾಢ ಬಂತೆಂದರೆ ಕಲ್ಯಾಣ ಮಂಟಪಗಳು ಬಿಕೋ ಎನ್ನುತ್ತವೆ. ಓಲಗದವರು ಊರಿಗೆ ಹೋಗುತ್ತಾರೆ, ಅಡುಗೆಯವರು ದೊಡ್ಡ ಕೊಪ್ಪರಿಗೆಗಳನ್ನು ಬೋರಲು ಹಾಕುತ್ತಾರೆ. ಫೋಟೋ ಸ್ಟುಡಿಯೋದವರಿಗೆ ಮಾತ್ರ ಆ ತಿಂಗಳು ಬಿಡುವಿಲ್ಲ. ಕ್ಯಾಮೆರಾ ಸರ್ವಿಸ್ ಆಗಬೇಕು, ವೈಶಾಖದಲ್ಲಿ ತೆಗೆದ ಮದುವೆಗಳ ಆಲ್ಬಂ ಇನ್ನೂ ಬಾಕಿ ಇರುತ್ತದೆ, ಅಷ್ಟರಲ್ಲಿ ಶ್ರಾವಣದ ಲಗ್ನಕ್ಕೆ ಫೋಟೋದವರನ್ನು ಗೊತ್ತುಮಾಡಲು ಜನ ಬರಲು ಶುರುಮಾಡುತ್ತಾರೆ. ಬಂದವರ ಮುಂದೆ ಇಡಲು ಸ್ಯಾಂಪಲ್ ಸಿದ್ಧವಿರಬೇಕು.

ಬರುವವರು ಸಾಮಾನ್ಯವಾಗಿ ಒಂದು ಗುಂಪು. ಮದುವೆಯ ಹುಡುಗಿ, ಅವಳ ತಂದೆ ತಾಯಿ, ಜೊತೆಗೆ ವ್ಯವಹಾರ ಬಲ್ಲ ಒಬ್ಬ ಸೋದರಮಾವ. ಹುಡುಗಿ ಆ ಸ್ಟುಡಿಯೋದ ರೀಲ್‌ಗಳನ್ನೆಲ್ಲ ಇನ್‌ಸ್ಟಾಗ್ರಾಂನಲ್ಲಿ ಆಗಲೇ ನೋಡಿ ಮುಗಿಸಿರುತ್ತಾಳೆ. ಅವಳಿಗೆ ಬೇಕಾದದ್ದು ಕ್ಯಾಂಡಿಡ್. ತಾಯಿ ಆಲ್ಬಮ್ಮಿನ ಪುಟವನ್ನು ಬೆರಳಲ್ಲಿ ಸವರಿ ನೋಡುತ್ತಾರೆ, ಸೀರೆಯ ಬಣ್ಣ ನಿಜಕ್ಕೂ ಹೀಗೇ ಇತ್ತಾ ಎಂದು ಕೇಳುತ್ತಾರೆ. ತಂದೆಯವರ ಪ್ರಶ್ನೆ ನೇರವಾದದ್ದು: ಎಷ್ಟು ಶೀಟ್ ಬರುತ್ತದೆ, ಒಟ್ಟು ಎಷ್ಟಾಗುತ್ತದೆ? ಕೊನೆಗೆ ಮಾವನ ಸರದಿ. "ಗ್ರೂಪ್ ಫೋಟೋ ಎಲ್ಲಾ ತೆಗೀತೀರ ತಾನೇ? ನಮ್ಮಣ್ಣನ ಮಗಳ ಮದುವೇಲಿ ಅರ್ಧ ನೆಂಟರೇ ಇರಲಿಲ್ಲ ಕಣ್ರೀ ಆಲ್ಬಮ್ಮಲ್ಲಿ." ನಾಲ್ವರೂ ಒಂದೇ ಆಲ್ಬಂ ನೋಡುತ್ತಿದ್ದರೂ ನಾಲ್ಕು ಬೇರೆ ಬೇರೆ ಭರವಸೆಗಳನ್ನು ಹುಡುಕುತ್ತಿರುತ್ತಾರೆ.

ಈ ವ್ಯವಹಾರದ ಕಷ್ಟ ಇರುವುದೇ ಇಲ್ಲಿ. ಸೀರೆಯನ್ನು ಅಂಗಡಿಯಲ್ಲೇ ಬಿಚ್ಚಿಸಿ ನೋಡಬಹುದು. ಫೋಟೋದಲ್ಲಿ ಹಾಗಿಲ್ಲ. ಮುಂಗಡ ಕೊಡುವಾಗ ಕೈಯಲ್ಲಿರುವುದು ಯಾರದೋ ಮದುವೆಯ ಚಿತ್ರ, ಕೊಳ್ಳುತ್ತಿರುವುದು ಇನ್ನೂ ನಡೆಯದ ಮದುವೆಯ ಚಿತ್ರ. ತೆಗೆದದ್ದು ಸರಿಬರದಿದ್ದರೆ ಇನ್ನೊಂದು ಮುಹೂರ್ತ ಇಟ್ಟು ಮತ್ತೆ ಮಾಂಗಲ್ಯಧಾರಣೆ ಮಾಡಿಸಲಾಗದು. ಅಷ್ಟೂ ನಂಬಿಕೆಯನ್ನು ಆ ಒಂದು ಸ್ಯಾಂಪಲ್ ಹೊರಬೇಕು. ಹಾಗೆ ಹೊರಬಲ್ಲ ಸ್ಯಾಂಪಲ್ ಒಂದೇ: ಒಂದೇ ಮದುವೆಯನ್ನು, ಚಪ್ಪರದ ಶಾಸ್ತ್ರದಿಂದ ಹೆಣ್ಣು ಒಪ್ಪಿಸಿಕೊಡುವವರೆಗೆ, ಪೂರ್ತಿಯಾಗಿ ತೋರಿಸುವ ಆಲ್ಬಂ.

ಆದರೆ ಹೆಚ್ಚಿನ ಕಡೆ ತೋರಿಸುವುದು ಅದನ್ನಲ್ಲ. ಹತ್ತಾರು ಮದುವೆಗಳಿಂದ ಒಂದೊಂದೇ ಒಳ್ಳೆಯ ಚಿತ್ರ ಆರಿಸಿ ಜೋಡಿಸಿದ ಆಲ್ಬಂ ಅದು. ಮೊದಲ ಪುಟದ ವಧು ಮೈಸೂರಿನವಳು, ಎರಡನೆಯವಳು ಉಡುಪಿಯವಳು, ಮೂರನೆಯದು ಯಾವುದೋ ರೆಸಾರ್ಟಿನ ಸಂಜೆಬೆಳಕು. ಹೀಗೆ ತೋರಿಸುವ ಪದ್ಧತಿಗೆ ಫೋಟೋಗ್ರಫಿಯಷ್ಟೇ ವಯಸ್ಸು. 1844ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಸ್ಟುಡಿಯೋ ತೆರೆದ ಮ್ಯಾಥ್ಯೂ ಬ್ರೇಡಿ ಪ್ರಸಿದ್ಧರ ಭಾವಚಿತ್ರಗಳನ್ನು ಗ್ಯಾಲರಿಯ ಗೋಡೆಯ ತುಂಬ ತೂಗುಹಾಕಿ, ನೋಡಲು ಬಂದವರನ್ನೇ ಗಿರಾಕಿಗಳನ್ನಾಗಿ ಮಾಡಿಕೊಂಡ. ನಮ್ಮ ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಆಸುಪಾಸಿನ ಸ್ಟುಡಿಯೋಗಳ ಗಾಜಿನ ಷೋಕೇಸಿನಲ್ಲಿ ಊರಿನ ಚಂದದ ಮದುಮಗಳ ದೊಡ್ಡ ಪ್ರಿಂಟ್ ಒಂದು ಇದ್ದೇ ಇರುತ್ತಿತ್ತು. ಬಿಸಿಲಿಗೆ ಅದರ ಕೆಂಪು ಮಾಸಿ ನೀಲಿ ಮಾತ್ರ ಉಳಿದರೂ ಅದನ್ನು ಇಳಿಸುತ್ತಿರಲಿಲ್ಲ.

ಷೋಕೇಸಿನ ಒಂದು ಚಿತ್ರ ಹೇಳುವುದು ಇಷ್ಟೇ: ಈ ಮನುಷ್ಯ ಒಮ್ಮೆಯಾದರೂ ಒಳ್ಳೆಯ ಚಿತ್ರ ತೆಗೆದಿದ್ದಾನೆ. ಈಗಿನ ಡಿಜಿಟಲ್ ಕಾಲದಲ್ಲಿ ತೆಗೆಯಬಹುದಾದ ಚಿತ್ರಗಳಿಗೆ ಲೆಕ್ಕವಿಲ್ಲ. ಫಿಲ್ಮ್ ರೋಲಿನಲ್ಲಿ 36 ಚಿತ್ರಗಳಿದ್ದ ದಿನಗಳಲ್ಲಿ ಹತ್ತು ರೋಲ್ ಹಾಕಿದರೂ ಇಡೀ ಮದುವೆಗೆ ಸಿಗುತ್ತಿದ್ದದ್ದು 360. ಈಗ ಎರಡು ದಿನದ ಮದುವೆಯಲ್ಲಿ ಸಾವಿರಗಟ್ಟಲೆ ಫ್ರೇಂ ಬೀಳುತ್ತವೆ. ಅಷ್ಟರಲ್ಲಿ ಹತ್ತು ಚಿತ್ರ ಚೆನ್ನಾಗಿ ಬರುವುದು ದೊಡ್ಡ ಮಾತಲ್ಲ. ಆಲ್ಬಮ್ಮಿಗೆ ಬೇಕಾದ ನೂರಾರು ಚಿತ್ರಗಳಲ್ಲಿ ಒಂದೂ ಕೈಕೊಡಬಾರದು, ಯಾವ ಶಾಸ್ತ್ರವೂ ತಪ್ಪಬಾರದು, ಯಾವ ಅಜ್ಜಿಯೂ ಬಿಟ್ಟುಹೋಗಬಾರದು. ಅದು ಸಾಧ್ಯವೇ ಎಂಬುದು ಪೂರ್ತಿ ಮದುವೆಯನ್ನು ನೋಡಿದಾಗಲೇ ತಿಳಿಯುವುದು.

ಪೂರ್ತಿ ಆಲ್ಬಂ ಎದುರಿಗಿದ್ದಾಗ ನೇರವಾಗಿ ಮುಹೂರ್ತದ ಪುಟಗಳಿಗೆ ಹೋಗುವುದು ಒಳ್ಳೆಯದು. ಅಂತರಪಟ ಹಿಡಿದಿದ್ದಾರೆ, ಎರಡೂ ಕಡೆ ಜೀರಿಗೆ ಬೆಲ್ಲ ಕೈಯಲ್ಲಿಟ್ಟುಕೊಂಡ ವಧೂವರರು ನಿಂತಿದ್ದಾರೆ. ಪುರೋಹಿತರು ಗಡಿಯಾರ ನೋಡಿ ಸನ್ನೆ ಮಾಡುತ್ತಾರೆ, ಗಟ್ಟಿಮೇಳ ಏಳುತ್ತದೆ, ಅಂತರಪಟ ಸರಿಯುತ್ತದೆ, ಇಬ್ಬರ ಕೈಯೂ ಒಟ್ಟಿಗೇ ಇನ್ನೊಬ್ಬರ ತಲೆಯ ಮೇಲಕ್ಕೆ ಹೋಗುತ್ತದೆ. ಕೆಲವು ಕ್ಷಣಗಳ ಆಟ. ಆ ಹೊತ್ತಿಗೆ ಸರಿಯಾಗಿ ಮಂಟಪದ ಸುತ್ತ ನಿಂತವರೆಲ್ಲ ಅಕ್ಷತೆ ಎರಚುತ್ತಾರೆ, ಹತ್ತಾರು ಮೊಬೈಲ್‌ಗಳು ಮೇಲೇಳುತ್ತವೆ, ಹುಡುಗನ ಚಿಕ್ಕಪ್ಪ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಾರೆ. ಅನುಭವಿ ಫೋಟೋಗ್ರಾಫರ್ ಅಂತರಪಟ ಯಾವ ಕಡೆಗೆ ಸರಿಯುತ್ತದೆ ಎಂದು ಪುರೋಹಿತರನ್ನು ಮೊದಲೇ ಕೇಳಿಕೊಂಡು ತನ್ನ ಜಾಗ ಹಿಡಿದಿರುತ್ತಾನೆ. ಆಲ್ಬಮ್ಮಿನಲ್ಲಿ ಆ ಕ್ಷಣದಲ್ಲಿ ಇಬ್ಬರ ಮುಖವೂ ಕಾಣುತ್ತಿದ್ದರೆ, ಜೀರಿಗೆ ಬೆಲ್ಲ ಬೆರಳುಗಳಿಂದ ಬೀಳುತ್ತಿದ್ದರೆ, ಅಕ್ಷತೆಯ ಕಾಳುಗಳು ಗಾಳಿಯಲ್ಲೇ ಇದ್ದರೆ, ಕೆಲಸ ಬಲ್ಲವರ ಕೈ ಅದು. ಅಲ್ಲಿ ಅಂತರಪಟದ ಬೆನ್ನು ಮಾತ್ರ ಕಂಡು, ಮುಂದಿನ ಪುಟದಲ್ಲಿ ಜೋಡಿ ಕ್ಯಾಮೆರಾ ನೋಡಿ ನಗುತ್ತಿದ್ದರೆ, ಆ ಕ್ಷಣ ತಪ್ಪಿಹೋಗಿ ಆಮೇಲೆ ನಿಲ್ಲಿಸಿ ತೆಗೆದದ್ದು ಎಂದು ತಿಳಿಯಬೇಕು.

ಧಾರೆಯ ಪುಟವೂ ಇಂಥದ್ದೇ ಪರೀಕ್ಷೆ. ಹುಡುಗನ ಕೈ, ಅದರ ಮೇಲೆ ಹುಡುಗಿಯ ಕೈ, ಮೇಲೊಂದು ತೆಂಗಿನಕಾಯಿ, ತಂದೆ ತಾಯಿ ಎರೆಯುವ ಹಾಲು. ಚಿತ್ರದಲ್ಲಿ ಕೈಗಳು ಮುಖ್ಯ ನಿಜ, ಅಷ್ಟೇ ಸಾಲದು. ಹಾಲು ಎರೆಯುವಾಗ ತಂದೆಯ ಮುಖ ಹೇಗಿತ್ತು ಎಂಬುದನ್ನೇ ಮುಂದೆ ಮಗಳು ಆ ಪುಟದಲ್ಲಿ ಹುಡುಕುವುದು. ಸ್ಯಾಂಪಲ್ ಆಲ್ಬಮ್ಮಿನಲ್ಲಿ ಅಪ್ಪನ ಮುಖ ಇದೆಯೇ ಎಂದು ನೋಡಿದರೆ ಆ ಫೋಟೋಗ್ರಾಫರ್ ಯಾರಿಗಾಗಿ ಚಿತ್ರ ತೆಗೆಯುತ್ತಾನೆಂಬುದು ಗೊತ್ತಾಗುತ್ತದೆ.

ಇನ್ನು ಬೆಳಕು. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಸಂಜೆ ಐದರ ಬಿಸಿಲಿನಲ್ಲಿ ಯಾರು ತೆಗೆದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ನಮ್ಮಲ್ಲಿ ಬಹುಪಾಲು ಮದುವೆಗಳು ನಡೆಯುವುದು ಛತ್ರದೊಳಗೆ, ಎಷ್ಟೋ ಮುಹೂರ್ತಗಳು ಬೆಳಕು ಹರಿಯುವ ಮುನ್ನ. ಮಂಟಪದ ಮೇಲೆ ಸುಮಾರು 3200 ಕೆಲ್ವಿನ್‌ನ ಹಳದಿ ದೀಪ, ವಿಡಿಯೋದವರ ಬಿಳಿ ಎಲ್‌ಇಡಿ, ಕಿಟಕಿಯಿಂದ ಬರುವ ಸುಮಾರು 5500 ಕೆಲ್ವಿನ್‌ನ ಹಗಲು, ಹಿಂದೆ ಬಣ್ಣ ಬದಲಿಸುವ ಎಲ್‌ಇಡಿ ಗೋಡೆ, ಇವೆಲ್ಲ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಅರಿಶಿಣ, ಇನ್ನೊಂದು ಕೆನ್ನೆ ನೀಲಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಎಲ್‌ಇಡಿಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ವೇಗದ ಷಟರ್‌ನಲ್ಲಿ ಚಿತ್ರಕ್ಕೆ ಅಡ್ಡಪಟ್ಟೆಯಾಗಿ ಇಳಿಯುತ್ತದೆ. ಹಾಗಾಗಿ "ಛತ್ರದೊಳಗೆ ತೆಗೆದ ಒಂದು ಪೂರ್ತಿ ಮದುವೆ ತೋರಿಸಿ" ಎಂದು ಕೇಳುವುದು ಗಿರಾಕಿಯ ಹಕ್ಕು. ಸಾಧ್ಯವಾದರೆ ತಮ್ಮ ಮದುವೆ ನಡೆಯುವ ಛತ್ರದಲ್ಲೇ ತೆಗೆದದ್ದನ್ನು ಕೇಳಬೇಕು.

ಬಣ್ಣದ ವಿಷಯದಲ್ಲಿ ತಾಯಂದಿರ ಅನುಮಾನ ಸಂಪೂರ್ಣ ಸರಿ. ಕೆಂಪು ರೇಷ್ಮೆ ಸೀರೆ ಡಿಜಿಟಲ್ ಕ್ಯಾಮೆರಾಕ್ಕೆ ದೊಡ್ಡ ಸವಾಲು. ಸೆನ್ಸರಿನ ಕೆಂಪು ಭಾಗ ಬೇಗ ತುಂಬಿಹೋಗಿ ಸೀರೆಯ ನೇಯ್ಗೆ, ಮಡಿಕೆ, ಬುಟ್ಟಾ ಎಲ್ಲ ಅಳಿಸಿ ಒಂದೇ ಕೆಂಪು ಮುದ್ದೆ ಉಳಿಯುತ್ತದೆ. ಪಕ್ಕದಲ್ಲೇ ಹುಡುಗನ ಬಿಳಿ ಪಂಚೆ ಇರುತ್ತದೆ. ಅದರ ಜರಿ ಅಂಚು ಉಳಿಸಲು ಹೋದರೆ ಮುಖ ಕಪ್ಪಾಗುತ್ತದೆ, ಮುಖ ಬೆಳಗಿಸಿದರೆ ಪಂಚೆ ಸುಣ್ಣದ ಗೋಡೆಯಾಗುತ್ತದೆ. ಮೊಬೈಲ್ ಪರದೆಯ ಮೇಲೆ ಇದು ಅಷ್ಟಾಗಿ ತಿಳಿಯದು, ಪರದೆ ತಾನೇ ಬಣ್ಣ ಏರಿಸಿ ತೋರಿಸುತ್ತದೆ. ಪ್ರಿಂಟಿನಲ್ಲಿ ಅಡಗಿಸಲು ಜಾಗವಿಲ್ಲ. ಅಚ್ಚಾದ ಆಲ್ಬಮ್ಮನ್ನು ಕಿಟಕಿಯ ಹತ್ತಿರ ಒಯ್ದು ಹಗಲು ಬೆಳಕಿನಲ್ಲಿ ಸೀರೆಯ ಬುಟ್ಟಾ ಕಾಣುತ್ತದೆಯೇ ಎಂದು ನೋಡುವ ತಾಯಿ ಯಾವ ತಂತ್ರಜ್ಞನಿಗೂ ಕಡಿಮೆಯಿಲ್ಲ.

ಮುಖದ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅನೇಕ ಸ್ಯಾಂಪಲ್ ಆಲ್ಬಮ್ಮುಗಳಲ್ಲಿ ವಧುವಿನ ಚರ್ಮವನ್ನು ನುಣುಪು ಮಾಡಿ, ನಾಲ್ಕು ಪಟ್ಟು ಬೆಳ್ಳಗೆ ಮಾಡಿರುತ್ತಾರೆ. ಮುಖ ಬೆಳ್ಳಗೆ, ಕೈ ಮಾತ್ರ ನಿಜಬಣ್ಣ. ಗಿರಾಕಿಗಳೇ ಕೇಳುತ್ತಾರೆ ಎಂಬುದು ಸ್ಟುಡಿಯೋಗಳ ಉತ್ತರ. ಸ್ಯಾಂಪಲ್ಲಿನಲ್ಲಿ ಬೆಳ್ಳಗಿನ ಮುಖಗಳನ್ನೇ ಸಾಲಾಗಿ ಇಟ್ಟರೆ ಕೇಳದವರೂ ಕೇಳಲು ಕಲಿಯುತ್ತಾರೆ. ಎಣ್ಣೆಗಪ್ಪು ಬಣ್ಣದ ಹುಡುಗಿ ಆ ಪುಟಗಳನ್ನು ತಿರುವುವಾಗ ತನ್ನಂಥ ಒಂದು ಮುಖವೂ ಅಲ್ಲಿ ಸಿಗದಿದ್ದರೆ ಅವಳ ಮನಸ್ಸಿಗೆ ಏನಾಗುತ್ತದೆ ಎಂದು ಆಲ್ಬಂ ಜೋಡಿಸುವವರು ಯೋಚಿಸಬೇಕು. ಕಪ್ಪು ಮೈಬಣ್ಣವನ್ನು ಅದರ ಹೊಳಪಿನೊಂದಿಗೆ, ಅದಿರುವ ಹಾಗೆಯೇ ಚಂದವಾಗಿ ತೆಗೆಯಲು ಬೆಳಕಿನ ನಿಜವಾದ ತಿಳಿವಳಿಕೆ ಬೇಕು. ಅಂಥ ಚಿತ್ರ ಸ್ಯಾಂಪಲ್ಲಿನಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ಆಕಾರದ್ದೂ ಒಂದು ಪ್ರಶ್ನೆ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮಲ್ಲಿ ಹೆಚ್ಚು ನಡೆಯುವ ಆಲ್ಬಂ 12×36 ಇಂಚಿನದು. ಬಿಡಿಸಿದಾಗ ಅಗಲ ಎತ್ತರದ ಮೂರು ಪಟ್ಟು. ರೀಲ್ ಇರುವುದು ಉದ್ದಕ್ಕೆ ನಿಂತ ಪರದೆಯಲ್ಲಿ. ರೀಲಿಗೆಂದು ನಿಲ್ಲಿಸಿ ತೆಗೆದ ಚಿತ್ರ ಆಲ್ಬಮ್ಮಿನ ಅಗಲ ಹಾಳೆಗೆ ಒಗ್ಗುವುದಿಲ್ಲ. ಆಗ ಖಾಲಿ ಜಾಗ ತುಂಬಲು ಹೂವು, ನವಿಲುಗರಿ, ಇಂಗ್ಲಿಷಿನ ಪ್ರೇಮವಾಕ್ಯಗಳು ಬರುತ್ತವೆ. ರೀಲ್ ನೋಡಿ ಒಪ್ಪಿಕೊಂಡು ಆಲ್ಬಂ ಬಂದಾಗ ನಿರಾಶರಾಗುವವರ ಕಥೆ ಎಷ್ಟೋ ಸಲ ಇಲ್ಲಿಂದಲೇ ಶುರು. ವಿಡಿಯೋಗೆ ಟೀಸರ್ ಸಾಕು ಎನ್ನುವವರಿಗೂ ಇದೇ ಮಾತು. ಎರಡು ನಿಮಿಷದ ಟೀಸರ್ ನೋಡಿದ ಮೇಲೆ ಮಾಂಗಲ್ಯಧಾರಣೆಯ ಕತ್ತರಿಸದ ಭಾಗವನ್ನೂ ಕೇಳಿ ನೋಡಬೇಕು.

ಕರ್ನಾಟಕದ ಮದುವೆ ಎಂದರೆ ಒಂದೇ ಬಗೆಯದಲ್ಲ. ಕೊಡವರ ದಂಪತಿ ಮುಹೂರ್ತದಲ್ಲಿ ಪುರೋಹಿತರಿಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ ಹರಸುತ್ತಾರೆ. ಬಿಳಿ ಕುಪ್ಪಸದ ಹುಡುಗ, ಕೆಂಪು ಸೀರೆಯ ಹುಡುಗಿ. ಬಾಳೆಯ ದಿಂಡು ಕಡಿಯುವಾಗ ಕತ್ತಿ ಬೀಸುವವರಿಂದ ಎಷ್ಟು ದೂರ ನಿಲ್ಲಬೇಕೆಂಬುದೂ ಗೊತ್ತಿರಬೇಕು. ಗಂಗಾಪೂಜೆಯ ಹಾದಿಯಲ್ಲಿ ಕುಣಿಯುವವರು ಮದುಮಗಳ ದಾರಿ ಬಿಡುವುದೇ ಇಲ್ಲ, ಅವಳು ನೀರಿನ ಬಿಂದಿಗೆ ಹೊತ್ತು ಬಹಳ ಹೊತ್ತು ನಿಂತಿರಬೇಕಾಗುತ್ತದೆ. ಆ ಸಹನೆಯ ಮುಖವನ್ನು ತೆಗೆಯಬೇಕೆಂದು ಸಂಪ್ರದಾಯ ತಿಳಿದವರಿಗೆ ಮಾತ್ರ ಹೊಳೆಯುತ್ತದೆ. ಮಂಗಳೂರಿನ ಕ್ಯಾಥೊಲಿಕರ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಸುರಿಯುತ್ತಿರುತ್ತದೆ, ಕ್ಯಾಮೆರಾವನ್ನೂ ಕಾಪಾಡಿಕೊಳ್ಳಬೇಕು. ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಗಾಗಿ 1966ರಲ್ಲಿ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮದುವೆಯಾಗುವವರಿಗೆ ಲಾಜಹೋಮದ ಹೊಗೆಯ ಚಿತ್ರಗಳಿಂದ ಪ್ರಯೋಜನವಿಲ್ಲ. ಅಲ್ಲಿ ಓದುವ ತುಟಿಗಳು, ಕೇಳಿಸಿಕೊಳ್ಳುವ ಮುಖಗಳು, ಚಿಕ್ಕ ಸಭೆಯ ಆತ್ಮೀಯತೆ ಮುಖ್ಯ. ಬಂದವರು ಯಾವ ಪದ್ಧತಿಯವರೆಂದು ವಿಚಾರಿಸಿ, ಅದೇ ಪದ್ಧತಿಯ ಒಂದು ಮದುವೆಯನ್ನು ತೆಗೆದು ಮುಂದಿಡುವ ಸ್ಟುಡಿಯೋದವರು ಅರ್ಧ ನಂಬಿಕೆಯನ್ನು ಅಲ್ಲೇ ಗಳಿಸಿರುತ್ತಾರೆ. ಅಂಥ ಮದುವೆ ತಾವು ಮಾಡಿಲ್ಲದಿದ್ದರೆ ಮಾಡಿಲ್ಲ ಎಂದು ಹೇಳುವವರು ಉಳಿದರ್ಧವನ್ನೂ ಗಳಿಸುತ್ತಾರೆ.

ಚಿತ್ರ ನೋಡಿ ಮೆಚ್ಚಿದ ಮೇಲೆ ಕೇಳಲೇಬೇಕಾದ ಪ್ರಶ್ನೆ: "ಇದನ್ನು ತೆಗೆದದ್ದು ಯಾರು? ನಮ್ಮ ಮದುವೆಗೆ ಅವರೇ ಬರುತ್ತಾರಾ?" ಒಳ್ಳೆಯ ಮುಹೂರ್ತವಿರುವ ದಿನ ಒಂದೇ ಸ್ಟುಡಿಯೋ ಮೂರು ನಾಲ್ಕು ಮದುವೆ ಒಪ್ಪಿಕೊಂಡು, ದಿನಗೂಲಿಯ ಲೆಕ್ಕದಲ್ಲಿ ಫ್ರೀಲಾನ್ಸರ್‌ಗಳನ್ನು ಕಳಿಸುವುದು ಸಾಮಾನ್ಯ. ಅವರಲ್ಲಿ ಬಹಳ ಪ್ರತಿಭಾವಂತರಿದ್ದಾರೆ. ಆದರೆ ಸ್ಯಾಂಪಲ್ಲಿನಲ್ಲಿ ಒಬ್ಬರ ಕಣ್ಣು, ಮದುವೆಗೆ ಬಂದದ್ದು ಇನ್ನೊಬ್ಬರ ಕಣ್ಣು ಎಂದಾದರೆ ತೋರಿಸಿದ್ದಕ್ಕೂ ಕೊಟ್ಟದ್ದಕ್ಕೂ ಸಂಬಂಧವಿರದು. ಅದೇ ಫ್ರೀಲಾನ್ಸರ್ ಮುಂದೆ ಸ್ವಂತ ಸ್ಟುಡಿಯೋ ಇಟ್ಟು, ಬೇರೆಯವರಿಗಾಗಿ ತೆಗೆದ ಚಿತ್ರಗಳನ್ನು ತೋರಿಸುವುದೂ ಉಂಟು. ಮೊದಲೇ ಒಪ್ಪಿಗೆ ಪಡೆದಿದ್ದರೆ ಅದರಲ್ಲಿ ತಪ್ಪಿಲ್ಲ. ಕಾರ್ಯಾಗಾರಗಳಲ್ಲಿ ರೂಪದರ್ಶಿಗೆ ಸೀರೆ ಒಡವೆ ತೊಡಿಸಿ, ಬೇಕಾದ ಬೆಳಕಿಟ್ಟು ತೆಗೆದ ಚಿತ್ರಗಳ ಮಾತು ಬೇರೆ. ಅವು ಕಲಿಕೆಗೆ ಒಳ್ಳೆಯವು. ಅವನ್ನು ಮದುವೆಯ ಚಿತ್ರಗಳೆಂದು ತೋರಿಸುವುದು ಮೋಸ. ಆ ವಧುವಿನ ಸುತ್ತ ಒಬ್ಬ ನೆಂಟರೂ ಇರುವುದಿಲ್ಲ, ಮೂಗಿನ ಮೇಲೆ ಒಂದು ಹನಿ ಬೆವರಿರುವುದಿಲ್ಲ. ಈಗ ಕಂಪ್ಯೂಟರೇ ಮದುಮಗಳನ್ನು ಸೃಷ್ಟಿಸಬಲ್ಲದು. ಅದಕ್ಕೂ ಮದ್ದು ಒಂದೇ, ಪೂರ್ತಿ ಮದುವೆ ತೋರಿಸಿ ಎನ್ನುವುದು. ಒಂದು ಮುಖವನ್ನು ಸೃಷ್ಟಿಸುವುದು ಸುಲಭ. ಅದೇ ಮುಖ, ಅದೇ ಅತ್ತೆ ಮಾವ, ಅದೇ ಛತ್ರವನ್ನು ನೂರಾರು ಚಿತ್ರಗಳಲ್ಲಿ ತಪ್ಪಿಲ್ಲದೆ ಸೃಷ್ಟಿಸುವುದು ಸುಲಭವಲ್ಲ.

ಇಷ್ಟು ಹೊತ್ತು ನೋಡುವವರ ಮಾತಾಯಿತು. ನೋಡಿಸಿಕೊಳ್ಳುವವರೂ ಇದ್ದಾರೆ. ಸ್ಯಾಂಪಲ್ಲಿನ ಪ್ರತಿ ಪುಟದಲ್ಲೂ ಒಂದು ನಿಜವಾದ ಮನೆತನ ಇದೆ.

1888ರಲ್ಲಿ ಇಂಗ್ಲೆಂಡಿನ ರೋಚೆಸ್ಟರ್ ಊರಿನಲ್ಲಿ ಪೊಲಾರ್ಡ್ ಎಂಬ ಮಹಿಳೆ ಹಣ ಕೊಟ್ಟು ಅಂಗಡಿಯೊಂದರಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಆಮೇಲೆ ನೋಡಿದರೆ ಅದೇ ಫೋಟೋ ಕ್ರಿಸ್‌ಮಸ್ ಕಾರ್ಡಿನ ರೂಪ ತಾಳಿ ಅಂಗಡಿಯ ಕಿಟಕಿಯಲ್ಲಿ ಕೂತಿತ್ತು. ಅವರು ನ್ಯಾಯಾಲಯಕ್ಕೆ ಹೋದರು. ಗಿರಾಕಿಗೆ ಪ್ರತಿ ಕೊಡಲೆಂದು ತೆಗೆದ ನೆಗೆಟಿವ್ ಅನ್ನು ಬೇರೆ ಕೆಲಸಕ್ಕೆ ಬಳಸುವುದು ಒಪ್ಪಂದಕ್ಕೂ ವಿಶ್ವಾಸಕ್ಕೂ ವಿರುದ್ಧ ಎಂದ ನ್ಯಾಯಾಲಯ ಅಂಗಡಿಯವರನ್ನು ತಡೆಯಿತು. ಪೊಲಾರ್ಡ್ ಪ್ರಕರಣ ಇಂದಿಗೂ ಕಾನೂನು ಪುಸ್ತಕಗಳಲ್ಲಿದೆ. ಸ್ಯಾಂಪಲ್ಲಿನ ಜಗಳ ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ.

ನಮ್ಮ ಕಾನೂನು ಗಿರಾಕಿಯ ಪರವಾಗಿ ಇನ್ನೂ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಚಲನಚಿತ್ರಕ್ಕೂ ಇದೇ ನಿಯಮ. ಹೀಗಾಗಿ ಮಾತಿನಲ್ಲೇ ಮುಗಿದ ವ್ಯವಹಾರದಲ್ಲಿ ಹಕ್ಕು ಮದುವೆ ಮನೆಯವರದು. ತಮ್ಮ ಕ್ಯಾಮೆರಾದಲ್ಲಿ ತೆಗೆದದ್ದು ತಮ್ಮದೇ ಎಂದುಕೊಂಡ ಫೋಟೋಗ್ರಾಫರ್‌ಗಳು ನಮ್ಮಲ್ಲಿ ಬಹಳ. ತೆಗೆದವರು ತಾವೆಂದು ಹೇಳಿಕೊಳ್ಳುವ ಹಕ್ಕು ಅವರಿಗೆ 57ನೇ ಕಲಮಿನಲ್ಲಿದೆ. ಆ ಚಿತ್ರಗಳನ್ನು ಅಚ್ಚುಹಾಕಿಸಿ, ರೀಲ್ ಮಾಡಿ ಪ್ರಚಾರಕ್ಕೆ ಬಳಸಬೇಕಾದರೆ ಒಪ್ಪಿಗೆಯನ್ನು ಬರೆಸಿಕೊಳ್ಳಬೇಕು. ಅಮೆರಿಕದಲ್ಲಿ ಮದುವೆಯಾಗುವ ಕನ್ನಡಿಗ ಜೋಡಿಗಳು ಎಚ್ಚರವಾಗಿರಬೇಕು, ಅಲ್ಲಿ ಸಾಮಾನ್ಯವಾಗಿ ಹಕ್ಕು ಫೋಟೋಗ್ರಾಫರ್‌ನದು. ಬ್ರಿಟನ್ನಿನಲ್ಲಿ 1988ರ ಕಾಯ್ದೆಯಿಂದ ಹಕ್ಕು ತೆಗೆದವರಿಗೆ ಸೇರಿದರೂ, ಮನೆಬಳಕೆಗೆಂದು ತೆಗೆಸಿದ ಚಿತ್ರವನ್ನು ಸಾರ್ವಜನಿಕವಾಗಿ ಪ್ರದರ್ಶಿಸದಂತೆ ತಡೆಯುವ ಅಧಿಕಾರ ತೆಗೆಸಿದವರಿಗಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ವಿರುದ್ಧದ ದಾವೆ, ಸ್ಟುಡಿಯೋಗಳ ಮಾತು ಅಲ್ಲಿರಲಿಲ್ಲ. ಆದರೂ ನನ್ನ ಚಿತ್ರ ಯಾರ ಕಣ್ಣಿಗೆ ಬೀಳಬೇಕೆಂದು ನಾನೇ ನಿರ್ಧರಿಸುತ್ತೇನೆ ಎನ್ನುವ ಹುಡುಗಿಯ ದನಿಗೆ ಅದರಿಂದ ಬಲ ಬಂದಿದೆ. ಆ ದನಿ ಮೊದಲೂ ಇತ್ತು. ಹೈದರಾಬಾದಿನಲ್ಲಿ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲಿ ಪರ್ದಾ ಪಾಲಿಸುವ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಮಹಿಳೆಯ ಕೈಗೆ ಒಪ್ಪಿಸಿದ್ದರು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಹೈದರಾಬಾದಿನ ನಿಜಾಮರ ಸೀಮೆಯಲ್ಲಿದ್ದವು. ಇಂದೂ ಅನೇಕ ಮುಸ್ಲಿಂ ಮನೆಗಳವರು ಮಹಿಳಾ ಫೋಟೋಗ್ರಾಫರ್‌ಗಳನ್ನೇ ಕೇಳುತ್ತಾರೆ, ಒಂದು ಚಿತ್ರವೂ ಹೊರಗೆ ಹೋಗಬಾರದೆಂದು ಮೊದಲೇ ಹೇಳುತ್ತಾರೆ. ಹಾಗಾದರೆ ಅಂಥ ಮದುವೆಗಳ ಸ್ಯಾಂಪಲ್ ತೋರಿಸುವುದು ಹೇಗೆ? ಮದರಂಗಿಯ ಕೈ, ಸೆಹ್ರಾದ ಹೂವಿನ ಎಳೆ, ನಿಕಾಹ್‌ನಾಮೆಯ ಮೇಲೆ ಸಹಿ ಹಾಕುವ ಪೆನ್ನು, ಮುಖ ಕಾಣದ ಚಿತ್ರಗಳಲ್ಲೇ ಕೈಚಳಕ ತೋರಿಸಬಹುದು. ಇಲ್ಲವೇ ಹಿಂದಿನ ಗಿರಾಕಿಯ ಒಪ್ಪಿಗೆ ಪಡೆದು, ಆ ಮನೆಯ ಹೆಂಗಸರ ಜೊತೆ ಈ ಮನೆಯ ಹೆಂಗಸರನ್ನು ಫೋನಿನಲ್ಲಿ ಮಾತಾಡಿಸಬಹುದು.

ಒಪ್ಪಿಗೆ ಒಮ್ಮೆ ಸಿಕ್ಕರೆ ಮುಗಿಯಿತು ಎಂದುಕೊಳ್ಳುವುದೂ ಸರಿಯಲ್ಲ. ನಗುನಗುತ್ತಾ ಆಲ್ಬಮ್ಮಿನಲ್ಲಿ ಕೂತ ಜೋಡಿ ಎರಡು ವರ್ಷಕ್ಕೆ ಬೇರೆಯಾಗಿರಬಹುದು. ಧಾರೆ ಎರೆದ ತಂದೆ ತೀರಿಕೊಂಡಿರಬಹುದು. ಇಬ್ಬರಲ್ಲಿ ಒಬ್ಬರು ಮತ್ತೆ ಮದುವೆಗೆ ಸಿದ್ಧವಾಗುತ್ತಿರುವಾಗ ಹಳೆಯ ಮಂಟಪದ ಚಿತ್ರ ಯಾರದೋ ಮೊಬೈಲಿನಲ್ಲಿ ಜಾಹೀರಾತಾಗಿ ಓಡಿದರೆ ಆಗುವ ನೋವನ್ನು ಯಾವ ಒಪ್ಪಂದದ ಕಾಗದವೂ ತುಂಬಿಕೊಡದು. ಸ್ಟುಡಿಯೋದವರು ವರ್ಷಕ್ಕೊಮ್ಮೆ ಆ ಮನೆಗಳಿಗೆ ಫೋನ್ ಮಾಡಿ, "ಅಮ್ಮಾ, ನಿಮ್ಮ ಮಗಳ ಮದುವೆ ಆಲ್ಬಂ ಇನ್ನೂ ತೋರಿಸ್ತಿದ್ದೀವಿ, ಪರವಾಗಿಲ್ವಾ?" ಎಂದು ಕೇಳಿದರೆ ಖರ್ಚು ಐದು ನಿಮಿಷ.

ಒಪ್ಪಿಗೆಯ ಕಾಗದ ಒಂದು ಪುಟ ಮೀರಬೇಕಿಲ್ಲ, ಕನ್ನಡದಲ್ಲಿದ್ದರೆ ಅಜ್ಜಿಯೂ ಓದಬಹುದು. ಸ್ಟುಡಿಯೋಗೆ ಬಂದವರಿಗೆ ಆಲ್ಬಂ ತೋರಿಸುವುದಕ್ಕೆ ಒಂದು ಸಹಿ, ಇನ್‌ಸ್ಟಾಗ್ರಾಂನಲ್ಲಿ ಹಾಕುವುದಕ್ಕೆ ಬೇರೆ ಸಹಿ, ಹೋರ್ಡಿಂಗ್ ಅಥವಾ ಪತ್ರಿಕೆಯ ಜಾಹೀರಾತಿಗೆ ಇನ್ನೊಂದು. ಹುಡುಗ ಹುಡುಗಿ ಇಬ್ಬರದೂ ಸಹಿ ಇರಬೇಕು, ಹಣ ಕೊಟ್ಟವರು ಹುಡುಗಿಯ ತಂದೆಯಾದರೆ ಅವರದೂ. ಮಕ್ಕಳ ಚಿತ್ರಗಳನ್ನು ಅವರ ತಂದೆ ತಾಯಿಯನ್ನು ಕೇಳದೆ ಸ್ಯಾಂಪಲ್ಲಿಗೆ ಹಾಕುವುದಿಲ್ಲ ಎಂಬ ಸಾಲೊಂದು ಸೇರಬೇಕು. ಅದರ ಕೆಳಗೇ, ಮನೆಯವರು ಯಾವಾಗ ತೆಗೆಯಿರಿ ಎಂದರೂ ಎಷ್ಟು ದಿನದೊಳಗೆ ತೆಗೆಯಲಾಗುವುದು ಎಂದು ದಿನದ ಲೆಕ್ಕವನ್ನು ಬರೆದು, ಸ್ಟುಡಿಯೋದ ಮೊಹರು ಹಾಕಿ, ಒಂದು ಪ್ರತಿಯನ್ನು ಮದುವೆ ಮನೆಯವರ ಕೈಗೆ ಕೊಡಬೇಕು.